ಎಡಗಿವಿಯ ಖಸ್, ಬಲಗಿವಿಯ ಖಸ್

ಮಾರ್ಚ್ ಹನ್ನೆರಡು, ಗುರುವಾರ, ಬೆಳಗಿನ ಎಂಟು ಗಂಟೆ: ಎಡಗಿವಿ ಬಲಗಿವಿಗಿಂತ ಹೆಚ್ಚು ಪರಿಮಳಿಸುತ್ತಿದೆ. ಆಧಾರ: ನನ್ನದೇ ದಿನಚರಿ, ಸಮಯವನ್ನು ವಾಡಿ ಜಂಕ್ಷನ್ನಿನ ಗಡಿಯಾರದೊಂದಿಗೆ ತಾಳೆ ನೋಡಲಾಗಿದೆ. ಇಷ್ಟು ಖಚಿತವಾದ ವಾಕ್ಯವನ್ನು ನಾನು ಯಾವ ಅರಸನ ಪಟ್ಟಾಭಿಷೇಕದ ಬಗೆಗೂ ಬರೆದವನಲ್ಲ. ಶಾಸನಗಳ ಕಾಲನಿರ್ಣಯದಲ್ಲಿ ಆಯುಷ್ಯ ಸವೆಸಿ, ಪರರ ಮೂರು ದಿನದ ತಪ್ಪಿಗೆ ಮೂವತ್ತು ಪುಟದ ಖಂಡನೆ ಬರೆದು, ಸಹೋದ್ಯೋಗಿಗಳ ಪ್ರೀತಿಯನ್ನು ಸಂಪೂರ್ಣವಾಗಿ ಕಳೆದುಕೊಂಡು ನಿವೃತ್ತನಾದ ನನಗೆ ಈಗ ಪರಿಶೀಲನೆಗೆ ಉಳಿದಿರುವ ಪುರಾವಸ್ತುಗಳೆಂದರೆ ನನ್ನ ಎರಡು ಕಿವಿಗಳು.

ನಮ್ಮ ಕಡೆ ಅತ್ತರನ್ನು ಅರಳೆಯ ಎಸಳಿಗೆ ಅದ್ದಿ ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುವುದು ರೂಢಿ. ಶಹಾಬಾದಿನ ನೆಲಹಾಸಿನ ಫರ್ಸಿ ಕಲ್ಲಿನ ಧೂಳಿನ ನಡುವೆ ಮೂಗನ್ನು ನೆಮ್ಮದಿಯಾಗಿಡಲು ಹಿರಿಯರು ಕಂಡುಕೊಂಡ ಉಪಾಯವಿದ್ದೀತು. ಅಲ್ಲಿನ ಅತ್ತರದಂಗಡಿಯ ಖಾಜಾ ಸಾಬರು ಚಂದ್ರಂಪಳ್ಳಿ ಕಡೆಯ ಹಳ್ಳದ ಲಾವಂಚದ ಬೇರು ತರಿಸಿ, ಅದರ ಸಾರವನ್ನು ಶ್ರೀಗಂಧದ ಎಣ್ಣೆಗೆ ಇಳಿಸಿ ಖಸ್ ಅತ್ತರು ಮಾಡುತ್ತಿದ್ದರು. ಅವರ ಕಾಲಾನಂತರ ಅಂಗಡಿ ಮಗ ಮೆಹಬೂಬ್ ಸಾಬರ ಕೈಗೆ ಬಂತು, ಶ್ರೀಗಂಧ ಎಟುಕದಾಯಿತು, ಬೇರೆ ಎಣ್ಣೆ ಬಂತು. ಶೀಶೆಯ ಚೀಟಿಯ ಮೇಲೆ ಮಾತ್ರ ತಂದೆಯ ಹೆಸರು ಹಾಗೆಯೇ ಉಳಿಯಿತು.

ಇದನ್ನು ಸುಮ್ಮನೆ ಬಿಡುವುದು ಯಾರಿಗಾದರೂ ಸಾಧ್ಯ, ಸಂಶೋಧಕನಿಗಲ್ಲ. ನನ್ನ ಲಗ್ನಕ್ಕೆಂದು ಚಿಂಚೋಳಿಗೆ ಹೊರಟ ಬೆಳಿಗ್ಗೆ ಖಾಜಾ ಸಾಬರೇ ಸ್ವಹಸ್ತದಿಂದ ನನ್ನ ಕಿವಿಗೆ ಅರಳೆಯಿಟ್ಟು, ಒಂದು ಶೀಶೆಯನ್ನೂ ಕೈಗಿತ್ತಿದ್ದರು. ಅದರ ತಳದಲ್ಲಿ ಇನ್ನೂ ನಾಲ್ಕು ಹನಿ ಉಳಿದಿದೆ. ಈ ಕಥೆಯನ್ನು ನಾಲ್ಕು ದಶಕಗಳಿಂದ ಪ್ರತಿ ರಂಜಾನಿಗೂ ಅದೇ ಅಂಗಡಿಯಲ್ಲಿ ಕುಳಿತು ಹೇಳಿ, ಕೊನೆಗೆ "ಆ ಕೈ ಬ್ಯಾರೆನೇ ಇತ್ತು" ಎಂದು ನಿಟ್ಟುಸಿರಿಡುವುದು ಧಾರ್ಮಿಕ ಸೌಹಾರ್ದಕ್ಕೆ ನನ್ನ ಕೊಡುಗೆ. ಮಗ ಎದುರಿಗೇ ಕುಳಿತಿರುತ್ತಾರೆಂಬುದು ನನಗೆ ಎಂದೂ ಅಡ್ಡಿಯೆನಿಸಿರಲಿಲ್ಲ.

ಈ ಸಲ ಮೆಹಬೂಬ್ ಸಾಬರು ನಿಟ್ಟುಸಿರಿನ ತನಕ ಕಾಯಲಿಲ್ಲ. "ಸರ, ಹೊಸ ಚೀಟಿ ಬಂದಾವ, ಇನ್ನ ಹಚ್ಚಿಲ್ಲ. ನೀವು ತಾರೀಖಿನ ಮನುಷ್ಯಾರು, ನಿಮ್ಮ ಮಾತು ಸುಳ್ಳಾಗಲ್ಲ. ಹಳೇದು ಹೊಸಾದು ಎರಡೂ ಇಟ್ಕೊಂಡ್ ನೋಡ್ರಿ. ಇದು ಅಬ್ಬಾನ ಕೈ ಅಲ್ಲ ಅಂದ್ರ ಅಬ್ಬಾನ ಹೆಸರು ತೆಗೀತೀನಿ. ಖೋಟಾ ಹೆಸರಿನ್ಯಾಗ ಮಾರಲಿಕ್ಕ ನನಗ ಆಗಲ್ಲ" ಎಂದರು.

ಹಾಗಾಗಿ ಗುರುವಾರ ಎಡಗಿವಿಗೆ ಹಳೆಯದು, ಬಲಗಿವಿಗೆ ಹೊಸದು. ಸೇಡಂನಲ್ಲಿ ನೆಂಟರ ಮಗುವಿನ ತೊಟ್ಟಿಲ ಕಾರ್ಯವಿತ್ತು. ವಿಜ್ಞಾನಕ್ಕೆ ಪ್ರಯಾಣವೆಚ್ಚ ಬೀಳಲಿಲ್ಲ. "ಬರೇ ಕಿವಿ ಇದ್ದಾಗೇ ನಾ ಕರದದ್ದು ಕೇಳ್ತಿರಲಿಲ್ಲ, ಈಗಂತೂ ಅರಳಿ ತುರಕ್ಯಾರ" ಎಂದು ಮಡದಿ ನೀಲಮ್ಮ ಇಡೀ ಡಬ್ಬಿಗೆ ಕೇಳುವಂತೆ ಹೇಳಿದಳು. ರೈಲು ಚಿತ್ತಾಪುರ ತಲುಪಿದಾಗ ನಾನು ಒಂದೊಂದೇ ಅರಳೆ ತೆಗೆದು, ಕಣ್ಣುಮುಚ್ಚಿ ಮೂಸಿ, ದಿನಚರಿಯಲ್ಲಿ ಬರೆದುಕೊಳ್ಳುವುದನ್ನು ಎದುರಿನ ಮುದುಕಿಯೊಬ್ಬಳು ಬಹಳ ಹೊತ್ತು ನೋಡಿದಳು. "ಯಪ್ಪಾ, ಕಿವಿ ಸೋರಾಕತ್ತದೇನ್ರಿ? ಬಳ್ಳೊಳ್ಳಿ ಎಣ್ಣಿ ಬಿಡ್ರಿ. ಮೂಸಿ ನೋಡಿದ್ರ ಕಡಿಮಿ ಆಗಲ್ಲ."

ಚಿತ್ತಾಪುರದಲ್ಲಿ ಬಲಗಿವಿ ತೊಳೆದ ಸಾಬೂನಿನ ನೆನಪಿನಷ್ಟಕ್ಕೆ ಇಳಿದಿತ್ತು. ಸೇಡಂನಲ್ಲಿ ಅದು ಬರಿಯ ಕಿವಿಯಾಗಿತ್ತು. ಎಡಗಿವಿಯಲ್ಲಿ ಮಾತ್ರ ನೆರಳಿನ ಹಳ್ಳದ ಒದ್ದೆ ಮರಳು, ತೇಯ್ದ ಕೊರಡು, ಇನ್ನೂ ಏನೇನೋ. ಮರುದಿನ ಮಧ್ಯಾಹ್ನ ನಮಾಜು ಮುಗಿದ ಮೇಲೆ ಅಂಗಡಿಗೆ ಹೋಗಿ, ನ್ಯಾಯಾಧೀಶನ ಗಾಂಭೀರ್ಯದಿಂದ ತೀರ್ಪನ್ನು ಓದಿಬಿಟ್ಟೆ. ಮೆಹಬೂಬ್ ಸಾಬರು ಚೀಟಿಗಳ ಕಟ್ಟನ್ನು ಎತ್ತಿ ಗಲ್ಲಾಪೆಟ್ಟಿಗೆಯ ಕೆಳಗೆ ಸರಿಸಿದರು. ಅನಂತರ ಒಂದು ಹಾಳೆ ಮುಂದಿಟ್ಟು, "ಬರದು ಕೊಡ್ರಿ, ತಾರೀಖು ಹಾಕಿ. ಅಬ್ಬಾನ ಹೆಸರು ಹಾಕಬೇಕಂತ ನನ್ನ ಹಠ ಮತ್ತ ಎದ್ದೀತು" ಎಂದರು.

ತಾರೀಖು ಎಂದರೆ ನಾನು ಬಿಡುವವನೇ? ಹಳೆಯ ಶೀಶೆಯ ಕಾಲವನ್ನು ಸ್ಥಾಪಿಸಲು ನನ್ನ ಲಗ್ನಪತ್ರಿಕೆಯನ್ನೇ ಜೇಬಿನಲ್ಲಿ ತಂದಿದ್ದೆ. ಅದರಿಂದ ದಿನಾಂಕ ನಕಲು ಮಾಡಿಕೊಂಡು, ಅಭ್ಯಾಸಬಲದಿಂದ ಗೋಡೆಯ ಮೇಲಿನ ಅಕ್ಷರಗಳತ್ತಲೂ ಕಣ್ಣು ಹಾಯಿಸಿದೆ. ಅಲ್ಲಿ ಖಾಜಾ ಸಾಬರ ಫೋಟೋ: ವಾಡಿ ಸ್ಟೇಷನ್ನು, ಕೊರಳ ತುಂಬ ಹಾರ, ಹಜ್ಜಿಗೆ ಹೊರಟ ದಿನ. ಅಂಚಿನಲ್ಲಿ ಬಿಳಿ ಶಾಯಿಯಿಂದ ಬರೆದ ತಾರೀಖು. ನಾಲ್ಕು ದಶಕ ಅದರ ಕೆಳಗೇ ಕುಳಿತಿದ್ದೆ. ಸವೆದ ಶಾಸನಗಳನ್ನೂ ಭೂತಗನ್ನಡಿ ಹಿಡಿದು ಓದಿದವನು ಅದನ್ನು ಮಾತ್ರ ಓದಿರಲಿಲ್ಲ. ನನ್ನ ಲಗ್ನಕ್ಕಿಂತ ಹನ್ನೊಂದು ದಿನ ಮೊದಲಿನದು. ಆಗ ಹಡಗಿನ ಯಾತ್ರೆ. ಹೋದವರು ತಿಂಗಳುಗಟ್ಟಲೆ ಬರುತ್ತಿರಲಿಲ್ಲ.

ಕನ್ನಡಕ ಒರೆಸಿಕೊಂಡೆ. ವಿದ್ವಾಂಸನಿಗೆ ಸತ್ಯವನ್ನು ಮರ್ಯಾದೆಯಿಂದ ಹೂಳಲು ಅಡಿಟಿಪ್ಪಣಿ ಎಂಬ ಸ್ಥಳವಿದೆ. ಆದರೆ ಗಲ್ಲಾಪೆಟ್ಟಿಗೆಯ ಕೆಳಗೆ ಸರಿದ ಆ ಕಟ್ಟು ಕಾಣುತ್ತಿತ್ತು. ಪತ್ರಿಕೆಯನ್ನೂ ಫೋಟೋವನ್ನೂ ತೋರಿಸಿದೆ. ಅವರು ಬೆರಳು ಮಡಚಿ ಎಣಿಸಿದರು.

"ಆವಾಗ ದುಕಾನ್ ನಾನೇ ನೋಡ್ತಿದ್ದೆ. ಖಸ್ ಮಾಡಿದ್ದೂ ಶೀಶೆ ತುಂಬಿದ್ದೂ ನಾನೇ. ಹಂಗಾರ ನಿಮ್ಮ ಕಿವ್ಯಾಗ ಅರಳಿ ಇಟ್ಟದ್ದು?"

"ನೀವೇ ಇರಬೇಕ್ರಿ."

"ಇಷ್ಟ್ ವರ್ಷ ನೀವು ಹೇಳಿ ಹೇಳಿ ನಾನೂ ಅಬ್ಬಾನೇ ಅಂದ್ಕೊಂಡಿದ್ದೆ ನೋಡ್ರಿ." ಅವರು ನಗಲಿಲ್ಲ, ಎಡಗಿವಿಯ ಅರಳೆಯನ್ನು ನನ್ನಿಂದ ಇಸಿದುಕೊಂಡು ಬಹಳ ಹೊತ್ತು ಮೂಸಿದರು. "ಕೈ ಅದೇ ಅದ. ಎಣ್ಣಿ ಬ್ಯಾರೆ, ಅಷ್ಟೇ. ಒಂದ್ ಸಲ ನಿಮ್ಮಂಥವರ ಮೂಗಿಗೂ ಅಬ್ಬಾ ಅನಿಸೀನಿ." ಬಗ್ಗಿ ಚೀಟಿಯ ಕಟ್ಟನ್ನು ಮೇಲೆ ತೆಗೆದು, ಮೊದಲನೆಯದನ್ನು ಹೊಸ ಶೀಶೆಗೆ ಅಂಟಿಸಿದರು, ಆಮೇಲೆ ಆ ಶೀಶೆಯಿಂದಲೇ ಅರಳೆ ಅದ್ದಿ ನನ್ನ ಎರಡೂ ಕಿವಿಗಳಿಗೆ ಇಟ್ಟರು.

ಮಾರ್ಚ್ ಹದಿಮೂರು, ಶುಕ್ರವಾರ, ಸಂಜೆ: ಎರಡೂ ಕಿವಿಗಳು ಸಮಾನವಾಗಿ ಪರಿಮಳಿಸುತ್ತಿವೆ. ನಿನ್ನೆಯ ನಮೂದಿಗೆ ತಿದ್ದುಪಡಿ: ಎಡಗಿವಿಯನ್ನು ತಂದೆಯೆಂದೂ ಬಲಗಿವಿಯನ್ನು ಮಗನೆಂದೂ ಓದಬಾರದು. ಆಧಾರ: ಫೋಟೋದ ಅಂಚಿನ ಬಿಳಿ ಅಕ್ಷರ. ಲಗ್ನಕ್ಕೆ ಹೊರಟ ಬೆಳಿಗ್ಗೆ ಕಿವಿಗೆ ತಾಗಿದ ಖಾಜಾ ಸಾಬರ ಒರಟು ಬೆರಳು ನನಗೆ ಇಂದಿಗೂ ಸ್ಪಷ್ಟವಾಗಿ ನೆನಪಿದೆ. ದಾಖಲೆಯ ಪ್ರಕಾರ ಅವರು ಆಗ ಸಮುದ್ರದ ಮೇಲಿದ್ದರು.