ಹೆಣ್ಣಿನ ಕಡೆಯ ಉಪವಾಸ

ನ್ಯೂಜಿಲೆಂಡಿನಲ್ಲಿ ಹಾವಿಲ್ಲ. ಸಾಕಲೂ ಬಿಡುವುದಿಲ್ಲ, ಮೃಗಾಲಯದಲ್ಲೂ ಇಡುವುದಿಲ್ಲ. ಹಾಗಿದ್ದೂ ಹಿಲ್ಸ್‌ಬರೋದ ನಮ್ಮ ಮನೆಯಲ್ಲಿ ಒಂದು ಭಾನುವಾರ ಹಾವಿನ ಮದುವೆ ನಡೆಯಿತು ಅಂದರೆ ಅದಕ್ಕೆ ನಮ್ಮ ಅತ್ತೆಯೇ ಕಾರಣ.

ಹಾವುಗಳಿದ್ದದ್ದು ಅಮೆರಿಕದಲ್ಲಿ, ನನ್ನ ಮೈದುನನ ಮನೆಯಲ್ಲಿ. ಎರಡೂ ಕಿಂಗ್‌ಸ್ನೇಕ್. ವಿಷವಿಲ್ಲ, ಆದರೆ ಬೇರೆ ಹಾವುಗಳನ್ನು ನುಂಗುವ ಜಾತಿ. ಹೆಣ್ಣು ಹೆಚ್ಚುಕಡಿಮೆ ನನ್ನಷ್ಟು ಉದ್ದ, ಗಂಡು ಅದರ ಅರ್ಧ. ಆ ಪುಟ್ಟ ಗಂಡೆಂದರೆ ಮೈದುನನಿಗೆ ಪ್ರಾಣ. ಮರಿ ಮಾಡಿಸುವ ಉಮೇದು ಅವನಿಗೆ ಇದೇ ಮೊದಲು. ಜೊತೆ ಬಿಡುವ ಮುಂಚೆ ಎರಡಕ್ಕೂ ಹೊಟ್ಟೆ ತುಂಬ ಇಲಿ ತಿನ್ನಿಸಬೇಕು, ಅದು ಅರಗುವವರೆಗೆ ಕಾಯಬೇಕು, ಆಮೇಲೆ ಕೊಕ್ಕೆ ಹಿಡಿದು ಪಕ್ಕದಲ್ಲೇ ನಿಂತಿರಬೇಕು. ಹಸಿದ ಹೆಣ್ಣು ಗಂಡನ್ನೇ ನುಂಗಿಬಿಡುತ್ತದೆ. ಇದನ್ನೆಲ್ಲ ನನಗೆ ಪಾಠ ಹೇಳಿದವನೂ ಅವನೇ.

ಅತ್ತೆ ಧಾರವಾಡದವರು. ಕಿರಿಮಗನ ಮದುವೆಗೆ ಕಾದು ಕಾದು ಸೋತಿದ್ದವರು, ಸಿಕ್ಕ ಮದುವೆಯನ್ನು ಬಿಡಲಿಲ್ಲ. “ನಾವು ಹೆಣ್ಣಿನ ಕಡಿಯವ್ರು” ಎಂದು ತಾವೇ ತೀರ್ಮಾನಿಸಿ, ಪಂಚಾಂಗ ನೋಡಿ, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮುಹೂರ್ತ ಇಟ್ಟರು. ಅಮೆರಿಕದಲ್ಲಿ ಅದಿನ್ನೂ ಶನಿವಾರ. ಅದಕ್ಕೆಲ್ಲ ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಹಿಂದಿನ ರಾತ್ರಿ ಊಟ ಬಿಟ್ಟಿದ್ದವರು ಅಂದು ಬೆಳಿಗ್ಗೆ ಚಹಾನೂ ಬೇಡವೆಂದರು. ಸಂಭ್ರಮ ಹೆಚ್ಚಾಗಿರಬೇಕು ಅಂದುಕೊಂಡೆ.

ಊಟದ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟೆ. ಮೈದುನ ಗಂಡನ್ನು ಹೆಣ್ಣಿನ ಪೆಟ್ಟಿಗೆಯೊಳಗೆ ಬಿಟ್ಟ. ಅತ್ತೆ ಪರದೆಗೆ ಅಕ್ಷತೆ ಹಾಕಿದರು. ಅಕ್ಕಿ ಕೀಬೋರ್ಡಿನ ಸಂದಿಗೆ ಇಳಿಯಿತು. ನನಗೆ ಮೈ ಉರಿಯಿತು. ಅದು ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್.

ಹೆಣ್ಣು ತಲೆ ಎತ್ತಿತು. ಕುತ್ತಿಗೆ ಡೊಂಕು ಮಾಡಿ ಗಂಡಿನ ತಲೆಯನ್ನೇ ನೋಡತೊಡಗಿತು. ಅದು ಮದುಮಗಳ ನೋಟದ ಹಾಗೆ ನನಗೇನೂ ಕಾಣಲಿಲ್ಲ.

“ಇದಕ್ಕೆ ಊಟ ಯಾವಾಗ ಹಾಕಿದ್ದೆ?” ಎಂದು ಕೇಳಿದೆ.

“ಹಾಕಿಲ್ಲ ವೈನಿ. ಧಾರಿ ಆಗೋತನಕ ಮದುಮಕ್ಕಳು ಏನೂ ತಿನ್ನಬಾರ್ದು ಅಂದ್ಲಲ್ಲ ಅವ್ವ.”

“ವಾರಕ್ಕೊಂದೇ ಊಟ ಅಲ್ವೇನೋ ಅದಕ್ಕೆ?”

“ಹೂಂ. ಒಂದು ಹೊತ್ತು ಬಿಟ್ರ ಎರಡು ವಾರ ಆತು.” ಹೇಳುತ್ತ ಹೇಳುತ್ತ ಅವನ ದನಿಯೇ ಇಳಿಯಿತು.

ಹೆಣ್ಣು ಬಾಯಿ ತೆರೆಯಿತು.

“ಅಳಿಯನ್ನ ಹೊರಗ ತಗಿಯೋ!” ಅತ್ತೆ ಕಿರುಚಿದರು.

ಮೈದುನ ಕೊಕ್ಕೆ ಹಾಕಿ ಗಂಡನ್ನು ಎತ್ತಿದ. ಹೆಣ್ಣಿನ ಬಾಯಿಗೆ ಬರೀ ಗಾಳಿ ಸಿಕ್ಕಿತು. ಅವನು ಆ ಪುಟ್ಟದನ್ನು ಎದೆಗೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟ. ನನಗೂ ಅಳು ಬಂದಂತಾಯಿತು.

ನನ್ನ ಅಡುಗೆಮನೆಗೆ ಇವತ್ತಿಗೂ ಒಂದು ಮೊಟ್ಟೆ ಬಿಡದ ಅತ್ತೆ ಪರದೆಗೆ ಮುಖ ತಂದರು. “ಹಂಗ ಕೆಳಗ ಕೂಡಬ್ಯಾಡ. ಅದನ್ನ ಬ್ಯಾರೆ ಡಬ್ಬಿಯೊಳಗಿಟ್ಟು ಫ್ರೀಜರ್‌ನಿಂದ ಇಲಿ ತಗಿ. ಬಿಸಿನೀರಾಗ ಇಡು. ತಣ್ಣಂದು ಕೊಡಬ್ಯಾಡ, ಪಾಪ. ಎರಡು ಹಾಕು.”

ಎರಡನೆಯ ಇಲಿಯ ಬಾಲ ಒಳಗೆ ಹೋಗುವವರೆಗೂ ಅವರು ಕಣ್ಣು ಕೀಳಲಿಲ್ಲ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

“ಇನ್ನ ನಂಗೂ ಬಡಿಸವಾ. ಹೆಣ್ಣಿನ ತಾಯಿ ನಾನು, ನಿನ್ನೆಯಿಂದ ಉಪಾಸ ಇದ್ದೀನಿ.”