ಸಾವಂತ್ರವ್ವನ ಪೇರಲ ಗಿಡ

ತಂಬಾಕಿನ ಪುಡಿಯನ್ನು ನೀರಿನಲ್ಲಿ ನೆನೆಸಿಟ್ಟರೆ ಮರುದಿನಕ್ಕೆ ಅದರಿಂದ ಒಂದು ವಾಸನೆ ಏಳುತ್ತದೆ. ಕಹಿ, ಸ್ವಲ್ಪ ಹುಳಿ, ಮೂಗಿನೊಳಗೆ ಇಳಿದು ಗಂಟಲಲ್ಲಿ ಕೂರುವಂಥ ವಾಸನೆ. ಹೋದ ವಾರ ಪೀರನವಾಡಿಯ ನನ್ನ ಮನೆಯ ಬಾಲ್ಕನಿಯಲ್ಲಿ ದಾಸವಾಳದ ಎಳೆಯ ಚಿಗುರಿಗೆಲ್ಲ ಬಿಳಿ ಹಿಟ್ಟಿನಂಥ ಹುಳ ಮೆತ್ತಿಕೊಂಡಿತ್ತು. ಅಂಗಡಿಗೆ ಹೋಗಿ ಔಷಧಿ ತರಬಹುದಿತ್ತು. ಏಕೋ ಹೋಗಲಿಲ್ಲ. ತಂಬಾಕು ನೆನೆಸಿ, ಸೋಸಿ, ಸಾಬೂನಿನ ನೊರೆ ಬೆರೆಸಬೇಕೆಂದು ಡಬ್ಬಿಯ ಮುಚ್ಚಳ ತೆರೆದೆ. ಅಷ್ಟೇ. ಎದುರಿನ ಕಟ್ಟಡ, ಕೆಳಗಿನ ರಸ್ತೆಯ ಗಾಡಿಗಳ ಸದ್ದು, ಒಗೆದು ಹರವಿದ ಬಟ್ಟೆ ಎಲ್ಲವೂ ಮೆಲ್ಲಗೆ ಹಿಂದೆ ಸರಿದವು. ನಾನು ವಡಗಾವಿಯ ನಮ್ಮ ಮನೆಯ ಹಿತ್ತಲಿನಲ್ಲಿ, ಲಂಗದ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ದೊಡ್ಡಪ್ಪನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದೆ. ನಿಮಗೂ ಇಂಥ ಒಂದು ವಾಸನೆ ಎಲ್ಲೋ ಕಾಯುತ್ತಿರಬಹುದು. ಅದು ಕೇಳದೆ ಬರುತ್ತದೆ, ಬಂದರೆ ಬೇಗ ಬಿಡುವುದಿಲ್ಲ.

ಆ ಮನೆ ಈಗಿಲ್ಲ. ಉದ್ದನೆಯ, ಕಿರಿದಾದ ಮನೆ ಅದು. ಬೀದಿಗೆ ಹತ್ತಿದ ಕೋಣೆಯಲ್ಲಿ ಅಪ್ಪನ ಎರಡು ಮಗ್ಗ, ಆಮೇಲೆ ಪಡಸಾಲೆ, ಅಡುಗೆಮನೆ, ಕೊನೆಗೆ ಹಿತ್ತಲು. ಹಗಲೆಲ್ಲ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ನಾವು ಆ ಸದ್ದಿನಲ್ಲಿಯೇ ಉಂಡು, ಓದಿ, ಜಗಳಾಡಿ ಬೆಳೆದೆವು. ಕರೆಂಟು ಹೋಗಿ ಮಗ್ಗ ನಿಂತರೆ ಮಾತ್ರ ಬೆಚ್ಚಿ ತಲೆಯೆತ್ತುತ್ತಿದ್ದೆವು. ಹಿತ್ತಲೆಂದರೆ ಆಗ ತುಂಡು ನೂಲಿನ ಗುಡ್ಡೆ, ಮುರಿದ ಲಾಳಿಗಳು, ಬಟ್ಟೆ ಒಗೆಯುವ ಕಲ್ಲು, ಎಣ್ಣೆಯ ಡಬ್ಬಿಯೊಂದರಲ್ಲಿ ಅವ್ವ ಹಚ್ಚಿದ್ದ ಬಡಕಲು ಕರಿಬೇವು, ಇಷ್ಟೇ. ನನಗೆ ಒಂಬತ್ತು ವರ್ಷವಿದ್ದಾಗ, ಒಂದು ಮಧ್ಯಾಹ್ನ, ಆ ಮನೆಗೆ ದೊಡ್ಡಪ್ಪ ಬಂದರು.

ಅಪ್ಪನ ಅಣ್ಣ ಅವರು, ಬಸವಣ್ಣೆಪ್ಪ. ಹತ್ತು ವರ್ಷ ಜೈಲಿನಲ್ಲಿದ್ದು ಬಂದಿದ್ದರು. ನಮ್ಮ ಮನೆಯಲ್ಲಿ ಆ ಶಬ್ದವನ್ನು ಯಾರೂ ಆಡುತ್ತಿರಲಿಲ್ಲ. ಯಾರಾದರೂ ಕೇಳಿದರೆ ಅಜ್ಜಿ ಜೈಲಿದ್ದ ಊರಿನ ಹೆಸರಷ್ಟೇ ಹೇಳಿ, "ಹಿಂಡಲಗಾದಾಗ ಅದಾನ" ಎನ್ನುತ್ತಿದ್ದಳು, ಅಲ್ಲಿ ಯಾರೋ ಬೀಗರ ಮನೆಯಲ್ಲಿ ಇದ್ದಾರೆಂಬಂತೆ. ನಡೆದದ್ದು ಇಷ್ಟು. ಖಾನಾಪುರದ ಆಚೆಗೆ ನಮ್ಮ ಹಳ್ಳಿ. ಅಲ್ಲಿ ದೊಡ್ಡಪ್ಪನ ಹೊಲಕ್ಕೂ ಯಲ್ಲಪ್ಪ ಎಂಬುವನ ಹೊಲಕ್ಕೂ ಒಂದೇ ಬದು. ಯಲ್ಲಪ್ಪ ದೊಡ್ಡಪ್ಪನ ಓರಗೆಯ ಗೆಳೆಯ. ಒಂದು ಬೇಸಿಗೆ ಹಳ್ಳದ ನೀರು ಯಾರ ಪಾಳಿ ಎಂಬುದಕ್ಕೆ ಇಬ್ಬರ ನಡುವೆ ಮಾತು ಬೆಳೆಯಿತು. ದೊಡ್ಡಪ್ಪ ನೂಕಿದರು. ಯಲ್ಲಪ್ಪ ಹಿಂದಕ್ಕೆ ಬಿದ್ದ, ಬದುವಿನ ಕಲ್ಲು ತಲೆಗೆ ತಾಗಿತು, ಮತ್ತೆ ಏಳಲಿಲ್ಲ. ದೊಡ್ಡಪ್ಪ ತಾವಾಗಿಯೇ ನಡೆದು ಪೊಲೀಸರ ಮುಂದೆ ಹೋಗಿ ಕೂತರಂತೆ. ಅಪ್ಪ ಅಜ್ಜಿಯನ್ನು ವಡಗಾವಿಗೆ ಕರೆತಂದ. ಊರಿನ ನಂಟು ಅಲ್ಲಿಗೆ ಮುಗಿಯಿತು.

ಬಂದ ದಿನ ಅಜ್ಜಿ ಅವರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಅವ್ವ ನನ್ನನ್ನು ಒಳಗೆ ಎಳೆದುಕೊಂಡು, "ಹಿತ್ತಲ ಕಡೆ ಹೋದ್ರ ನೋಡು ಮತ್ತ" ಎಂದಳು. ಹಿತ್ತಲಿಗೆ ಹೊಂದಿದ ಸಣ್ಣ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟಿದ್ದರು. ಬೆಳಗ್ಗೆ ಹಾಲು ತರಲು ಅವರು ಹೊರಟರೆ ಓಣಿಯ ಕಟ್ಟೆಯ ಮೇಲಿನ ಮಾತು ನಿಲ್ಲುತ್ತಿತ್ತು, ಅವರು ತಿರುವಿನಲ್ಲಿ ಮರೆಯಾದ ಮೇಲೆ ಶುರುವಾಗುತ್ತಿತ್ತು. ಒಂದು ತಿಂಗಳಿಗೆ ಅವರು ಹಾಲಿಗೆ ಹೋಗುವುದನ್ನೂ ಬಿಟ್ಟರು. ಹಿತ್ತಲಿನಲ್ಲಿ ಕೂತು ನೂಲಿನ ಕಸವನ್ನು ಎಳೆ ಎಳೆಯಾಗಿ ಮಣ್ಣಿನಿಂದ ಬಿಡಿಸತೊಡಗಿದರು. ಕಲ್ಲು ಆರಿಸಿದರು. ಹಳೆಯ ಜರಡಿಯಲ್ಲಿ ಮಣ್ಣು ಸಾಣಿಸಿದರು, ಅದಕ್ಕೆ ಸಗಣಿಗೊಬ್ಬರ ಮತ್ತು ಒಲೆಯ ಬೂದಿ ಕಲೆಸಿದರು. ಜೈಲಿನ ತೋಟದಲ್ಲಿ ಅವರಿಗೆ ಕೆಲಸವಿತ್ತಂತೆ, ಗೋಕಾಕ ಕಡೆಯ ಒಬ್ಬ ಮುದುಕ ಕೈದಿ ಎಲ್ಲ ಕಲಿಸಿದ್ದನಂತೆ. ಇದನ್ನು ನಾನು ಕೇಳಿ ತಿಳಿದದ್ದು ಬಹಳ ದಿನಗಳ ಮೇಲೆ, ಅವ್ವನ ಕಣ್ಣು ತಪ್ಪಿಸಿ ಹಿತ್ತಲಿಗೆ ಹೋಗುವುದು ರೂಢಿಯಾದ ಮೇಲೆ.

ಒಂದು ದಿನ ಅವರು ಅವ್ವನ ಕರಿಬೇವಿನ ತುದಿಯನ್ನು ಕತ್ತರಿಸಿಬಿಟ್ಟರು. ಮೂರು ವರ್ಷದಿಂದ ಮೊಳಕೈಯಷ್ಟೇ ಉದ್ದ ನಿಂತಿದ್ದ ಗಿಡ, ಮೇಲೆ ನಾಲ್ಕು ಹಳದಿ ಎಲೆ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಸಿಟ್ಟಿಗೆ ಕಣ್ಣು ತುಂಬಿಕೊಂಡಳು. ಗಂಡನ ಅಣ್ಣನ ಜೊತೆ ನೇರ ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ, ಅವಳಿಗೆ ಅಂಜಿಕೆಯೂ ಇತ್ತು. "ಕೇಳ ನಿಮ್ಮ ದೊಡ್ಡಪ್ಪಗ, ಇದ್ದ ನಾಕ ಎಲೀನೂ ಯಾಕ ಕಡದ್ರು ಅಂತ" ಎಂದು ನನಗೆ ಹೇಳಿದಳು. ದೊಡ್ಡಪ್ಪನೂ ನನಗೇ ಹೇಳಿದರು: "ನಿಮ್ಮವ್ವಗ ಹೇಳು, ತುದಿ ಕಡದ್ರ ಬಾಜೂಕ ಒಡಿತೈತಿ. ಡಬ್ಬಿ ತಳಕ್ಕ ತೂತ ಇಲ್ಲ, ನೀರ ನಿಂತ ಬೇರ ಕೊಳ್ಯಾಕತ್ತಿದ್ವು. ಹುಳಿ ಮಜ್ಜಗಿ ಇದ್ರ ಚೆಲ್ಲಬ್ಯಾಡ ಅನ್ನು, ನೀರ ಬೆರೆಸಿ ಬುಡಕ್ಕ ಹಾಕ್ಲಿ." ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಕೊಳೆತ ಬೇರು ಸವರಿ, ಹೊಸ ಮಣ್ಣು ತುಂಬಿದರು. ಇಪ್ಪತ್ತು ದಿನಕ್ಕೆ ಕತ್ತರಿಸಿದ ಜಾಗದ ಕೆಳಗೆ ಮೂರು ಕಡೆ ಕೆಂಪು ಚಿಗುರು ಒಡೆಯಿತು. ಆ ಮಧ್ಯಾಹ್ನ ಅವ್ವ ಅಜ್ಜಿಯ ಕೈಯಿಂದ ದೊಡ್ಡಪ್ಪನ ತಾಟನ್ನು ತಾನೇ ಇಸಿದುಕೊಂಡು, ಹಂಚಿನಿಂದ ಆಗತಾನೆ ತೆಗೆದ ಬಿಸಿ ರೊಟ್ಟಿ ಹಾಕಿ, ಕೋಣೆಯ ಬಾಗಿಲವರೆಗೆ ಹೋಗಿ ಇಟ್ಟುಬಂದಳು.

ಓಣಿಯವರ ಗಿಡಗಳು ಬರತೊಡಗಿದ್ದು ಹೀಗೆಯೇ, ಮಾತಿಲ್ಲದೆ. ಬೆಳಗ್ಗೆ ಹಿತ್ತಲ ಬಾಗಿಲು ತೆರೆದರೆ ಯಾರೋ ಒಂದು ಕುಂಡ ಇಟ್ಟು ಹೋಗಿರುತ್ತಿದ್ದರು. ಎಲೆಯ ಮೇಲೆ ಕಪ್ಪು ಚುಕ್ಕೆ ಎದ್ದ ಗುಲಾಬಿ. ಎಲೆ ಮುದುಡಿ ದೋಣಿಯಂತಾದ ಮೆಣಸಿನ ಗಿಡ. ಹೂ ಬಿಟ್ಟು ಬಿಟ್ಟು ಉದುರಿಸುವ ಬದನೆ. ದೊಡ್ಡಪ್ಪ ಎಲೆಯನ್ನು ಮೊದಲು ಮಗುಚಿ ಬೆನ್ನು ನೋಡುತ್ತಿದ್ದರು. "ಹುಳ ಎಲಿ ಮಾರಿ ಮ್ಯಾಲ ಕುಂದರೂದಿಲ್ಲ, ಬೆನ್ನಿಗಿ ಇರ್ತಾವ" ಎನ್ನುತ್ತಿದ್ದರು. ಆಮೇಲೆ ಬೆರಳನ್ನು ಮಣ್ಣಿನಲ್ಲಿ ಎರಡು ಗೆಣ್ಣು ಇಳಿಸಿ ಸುಮ್ಮನೆ ಕೂರುತ್ತಿದ್ದರು, ನಾಡಿ ಹಿಡಿದ ವೈದ್ಯರ ಹಾಗೆ. ಹುಳ ಕಂಡರೆ ತಂಬಾಕು ನೆನೆಸಿದ ನೀರು ಹೊಡೆಯುತ್ತಿದ್ದರು. ಆದರೆ ಬಹಳ ಗಿಡಗಳ ಕಾಯಿಲೆ ಒಂದೇ ಆಗಿರುತ್ತಿತ್ತು, ನೀರು ಹೆಚ್ಚಾದದ್ದು. ನೆಟ್ಟಗಾದ ಕುಂಡವನ್ನು ಅವರು ಮತ್ತೆ ಬಾಗಿಲ ಹೊರಗೆ ಇಡುತ್ತಿದ್ದರು, ಯಾರದಿತ್ತೋ ಅವರು ಒಯ್ಯುತ್ತಿದ್ದರು. ಒಂದು ವರ್ಷ ಕಳೆಯುವುದರೊಳಗೆ ಹೆಂಗಸರು ಕುಂಡ ಹಿಡಿದು ಒಳಗೇ ಬಂದು, "ಬಸವಣ್ಣೆಪ್ಪಣ್ಣಾರ, ಇದಕ್ಕೇನಾಗೇತಿ ನೋಡ್ರಿ" ಎನ್ನುವಂತಾಯಿತು. ಆ ವರ್ಷಗಳ ಹಿತ್ತಲು ನನ್ನ ಕಣ್ಣಿನಲ್ಲಿ ಹಾಗೆಯೇ ಇದೆ. ಮಗ್ಗದ ಸದ್ದು ದೂರದ ಮಳೆಯಂತೆ ಕೇಳುವ ಮೂಲೆ, ಸೇವಂತಿಗೆಯ ಸಾಲು, ಹೀರೆಯ ಹಳದಿ ಹೂವಿಗೆ ಬರುವ ಕಪ್ಪು ದುಂಬಿ, ಒದ್ದೆ ಮಣ್ಣಿನ ಮೇಲೆ ಅಜ್ಜಿ ಚೆಲ್ಲಿದ ಮೆಂತ್ಯ ಎರಡೇ ದಿನಕ್ಕೆ ಎದ್ದು ನಿಲ್ಲುವ ಬೆರಗು.

ದಸರೆ ಮುಗಿದ ಒಂದು ಬೆಳಿಗ್ಗೆ, ಕೈಚೀಲ ಹಿಡಿದ ಮುದುಕಿಯೊಬ್ಬಳು ಮುಂಬಾಗಿಲಿನಿಂದ ಬಂದಳು. ಬೆಳ್ಳುಳ್ಳಿ ಸುಲಿಯುತ್ತಿದ್ದ ಅಜ್ಜಿ ಮೊರ ಬದಿಗಿಟ್ಟು ಎದ್ದು ನಿಂತಳು. ಬಂದವಳು ಸಾವಂತ್ರವ್ವ, ಯಲ್ಲಪ್ಪನ ತಾಯಿ. ನೇರ ಹಿತ್ತಲಿಗೆ ನಡೆದಳು. ದೊಡ್ಡಪ್ಪ ಮಣ್ಣು ಕೈಯಲ್ಲೇ ಎದ್ದವರು ತಲೆ ಎತ್ತಲಿಲ್ಲ. ಅವಳು ಚೀಲದಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಟೊಂಗೆ ತೆಗೆದಳು, ಪೇರಲದ್ದು, ಎಲೆ ಒಣಗಿ ಮುರುಟಿತ್ತು.

"ವಡಗಾವ್ಯಾಗ ಒಬ್ಬಾಂವ ಗಿಡಾ ಬದುಕಸ್ತಾನ ಅಂತ ಬಸ್ಸಿನ್ಯಾಗ ಮಾತಾಡಾಕತ್ತಿದ್ರು. ಯಾರು ಅಂತ ಕೇಳಿದೆ. ನೀನ ಅಂದ್ರು" ಎಂದಳು. ಟೊಂಗೆಯನ್ನು ಮುಂದೆ ಹಿಡಿದು, "ಇದು ಯಲ್ಲಪ್ಪ ಹಚ್ಚಿದ ಗಿಡ. ಅಂವಂದು ಅಂತ ನನ್ನ ಮುಂದ ಉಳದಿದ್ದು ಇದೊಂದ. ಅವನ್ನಂತೂ ಕಳದಿ. ಇದನ್ನರೆ ಉಳಸು" ಎಂದಳು.

ಅವ್ವ ಚಹಾ ತಂದಳು. ಸಾವಂತ್ರವ್ವ ಮುಟ್ಟಲಿಲ್ಲ. ಟೊಂಗೆಯನ್ನು ಒಗೆಯುವ ಕಲ್ಲಿನ ಮೇಲಿಟ್ಟು ಹೊರಟುಹೋದಳು.

ಮರುದಿನವೇ ಹೋಗಬೇಕೆಂದು ದೊಡ್ಡಪ್ಪ ಹೇಳಿದಾಗ ಅಪ್ಪ ಬೇಡವೆಂದ, ಊರಿನಲ್ಲಿ ಯಲ್ಲಪ್ಪನ ಅಣ್ಣತಮ್ಮಂದಿರು ಇನ್ನೂ ಇದ್ದರು. ಅಜ್ಜಿ ಮಾತ್ರ, "ಕೂಸನ್ನ ಕರಕೊಂಡ ಹೋಗು. ಕೂಸ ಜೋಡಿ ಇದ್ರ ಯಾರೂ ಕೈ ಎತ್ತೂದಿಲ್ಲ" ಎಂದಳು. ನಾನು ಅವ್ವನ ಮುಖ ನೋಡಿದೆ. ಹಿತ್ತಲಿಗೆ ಹೋಗಬೇಡವೆಂದಿದ್ದ ಅದೇ ಅವ್ವ ನನ್ನ ತಲೆ ಬಾಚಿ, ಎರಡು ಜಡೆ ಹೆಣೆದು, ಬುತ್ತಿ ಕಟ್ಟಿಕೊಟ್ಟಳು.

ಖಾನಾಪುರದಲ್ಲಿ ಬಸ್ಸು ಇಳಿದು, ಇನ್ನೊಂದು ಬಸ್ಸು ಹಿಡಿದು, ಕೊನೆಗೆ ಕೆಂಪು ಮಣ್ಣಿನ ದಾರಿಯಲ್ಲಿ ನಡೆದೆವು. ದೊಡ್ಡಪ್ಪನ ಅಂಗೈ ಬೆವತು ನನ್ನ ಕೈ ಜಾರುತ್ತಿತ್ತು. ಊರ ಮುಂದಿನ ಕಟ್ಟೆಯ ಮೇಲೆ ಕೂತವರಲ್ಲಿ ಒಬ್ಬ ಮರಾಠಿಯಲ್ಲಿ, "ಕೋಣ್ ಆಹೇ?" ಎಂದು ಕೂಗಿದ. ಯಾರು ಎಂದು ಕೇಳಿದ್ದು. ನಾವು ಬಾಯಿ ತೆರೆಯುವ ಮೊದಲೇ ತನ್ನ ಅಂಗಳದಿಂದ ಸಾವಂತ್ರವ್ವ ಗಟ್ಟಿಯಾಗಿ, "ನಾ ಕರಸೇನಿ. ಗಿಡಾ ನೋಡಾಕ ಬಂದಾರ" ಎಂದಳು. ಕಟ್ಟೆಯ ಮೇಲಿಂದ ಯಾರೂ ಇಳಿಯಲಿಲ್ಲ.

ಪೇರಲ ದೊಡ್ಡ ಮರವೇ ಆಗಿತ್ತು. ಕಾಂಡದ ಮೇಲೆ ಕಂದು ಬಣ್ಣದ ಜೇಡರ ಬಲೆಯಂಥ ಪಟ್ಟಿಗಳು, ತೊಗಟೆಯ ಹೊಟ್ಟು ಅಂಟಿದ್ದವು. ದೊಡ್ಡಪ್ಪ ಚಿಂದಿಯಿಂದ ಅದನ್ನೆಲ್ಲ ಒರೆಸಿ ತೆಗೆದರು. ಟೊಂಗೆ ಕವಲೊಡೆಯುವ ಕಡೆಗಳಲ್ಲಿ ತೂತುಗಳು ಕಂಡವು. ತೊಗಟೆ ತಿನ್ನುವ ಹುಳ ಹಗಲು ಆ ತೂತಿನಲ್ಲಿ ಅಡಗಿರುತ್ತದೆ. ತಂತಿ ತೂರಿಸಿ ಒಂದೊಂದನ್ನೇ ಕೊಂದರು, ಸೀಮೆಎಣ್ಣೆಯಲ್ಲಿ ಅದ್ದಿದ ಅರಳೆ ತುರುಕಿ, ಹಸಿ ಮಣ್ಣಿನಿಂದ ಬಾಯಿ ಮುಚ್ಚಿದರು. ಸಾವಂತ್ರವ್ವ ದೂರ ನಿಂತು, "ಬದಕತೈತೇನು?" ಎಂದಳು.

"ಅರ್ಧಾ ಹೋಗೇತಿ ಅವ್ವಾ. ಇನ್ನರ್ಧಾ ನೋಡೂಣು" ಎಂದರು ದೊಡ್ಡಪ್ಪ. ಎಂದವರೇ ಗರಗಸಕ್ಕೆ ಕೈ ಹಾಕಿದರು. ಹುಡುಗರಾಗಿದ್ದಾಗ ಯಲ್ಲಪ್ಪನ ಜೊತೆ ಅವರೂ ಅವಳನ್ನು ಅವ್ವ ಎಂದೇ ಕರೆಯುತ್ತಿದ್ದರಂತೆ. ಒಣಗಿದ ಅರ್ಧವನ್ನು ಗರಗಸದಿಂದ ಕೊಯ್ಯುವಾಗ ಅವಳು ಗೋಡೆಯ ಕಡೆ ಮುಖ ತಿರುಗಿಸಿ ನಿಂತಳು. ಕೊಯ್ದ ಗಾಯಕ್ಕೆ ಅವರು ಸಗಣಿ ಮಣ್ಣು ಮೆತ್ತಿದರು. ಹೊರಡುವಾಗ ಅಂಗಳದ ಗಿಡ್ಡ ಗೋಡೆಯ ಮೇಲೆ ಎರಡು ಲೋಟ ಚಹಾ ಇತ್ತು. ಇಟ್ಟವಳು ಒಳಗೆ ಹೋಗಿದ್ದಳು.

ಮರ ಉಳಿಯಿತು, ಒಂದು ಪಕ್ಕ ಬೋಳಾಗಿ, ಒಂದು ಪಕ್ಕ ಹಸಿರಾಗಿ. ಎರಡು ಮೂರು ತಿಂಗಳಿಗೊಮ್ಮೆ ದೊಡ್ಡಪ್ಪ ಅದನ್ನು ನೋಡಲು ಹೋಗುತ್ತಿದ್ದರು, ನಾನು ಜೊತೆಗೆ. ಅದು ಆರು ವರ್ಷ ನಡೆಯಿತು. ಪ್ರತಿ ಸಲವೂ ಚಹಾ ಗೋಡೆಯ ಮೇಲೆಯೇ. ಒಮ್ಮೆ ಮಾತ್ರ ಮಳೆ ಹಿಡಿದು ನಾವು ಮರದ ಕೆಳಗೆ ತೊಯ್ಯುತ್ತಿದ್ದಾಗ, ಬಾಗಿಲಿನಿಂದ ಅವಳ ದನಿ ಬಂತು: "ಕೂಸು ತೋಯಸ್ಕೊಳಾಕತ್ತೈತಿ. ಒಳಗ ಬರ್ರಿ." ದೊಡ್ಡಪ್ಪ ಹೊಸ್ತಿಲ ಒಳಗೆ, ಗೋಡೆಗೆ ಒರಗದೆ, ಮೊಣಕಾಲು ಕೂಡಿಸಿಕೊಂಡು ಕೂತರು. ಮಳೆ ನಿಂತ ಮೇಲೆ ಹೊರಟೆವು. ಬಸ್ಸಿನಲ್ಲಿ ಅವರು ಕಿಟಕಿಯ ಹೊರಗೆ ನೋಡುತ್ತ, "ಆ ಮನ್ಯಾಗ ಯಲ್ಲಪ್ಪನ ಬಾಜೂಕ ಕುಂತ ಉಂಡೇನಿ ನಾ. ಒಂದ ತಾಟಿನ್ಯಾಗ" ಎಂದರು. ಆ ವಿಷಯವಾಗಿ ಅವರು ನನ್ನ ಬಳಿ ಆಡಿದ್ದು ಅದೊಂದೇ ಮಾತು.

ಈಗ ಅಜ್ಜಿ ಇಲ್ಲ. ಮಗ್ಗಗಳನ್ನು ಯಾರೋ ಗುಜರಿಗೆ ಒಯ್ದರು. ಅಪ್ಪ, ಅವ್ವ, ಕೊನೆಗೆ ದೊಡ್ಡಪ್ಪ, ಒಬ್ಬರಾದ ಮೇಲೆ ಒಬ್ಬರು ಹೋದರು. ವಡಗಾವಿಯ ಆ ಜಾಗದಲ್ಲಿ ಮೂರು ಅಂತಸ್ತಿನ ಕಟ್ಟಡವಿದೆ, ಹಿತ್ತಲಿದ್ದಲ್ಲಿ ಬೈಕುಗಳು ನಿಲ್ಲುತ್ತವೆ. ಒಮ್ಮೆ ಆ ಓಣಿಯಲ್ಲಿ ಹಾದುಹೋಗುವಾಗ ನಿಂತು ನೋಡಿದೆ. ಮಣ್ಣೇ ಕಾಣಲಿಲ್ಲ, ಎಲ್ಲ ಫರಸಿ ಕಲ್ಲು ಹಾಸಿದ್ದರು. ಆದರೆ ನಾನು ಹೇಳಲೇಬೇಕಾದ ಒಂದು ದಿನ ಇನ್ನೂ ಇದೆ.

ಸಾವಂತ್ರವ್ವ ತೀರಿಕೊಂಡ ಸುದ್ದಿ ಬಂದಾಗ ನಾನು ಹತ್ತನೆಯ ಇಯತ್ತೆಯಲ್ಲಿದ್ದೆ. ದೊಡ್ಡಪ್ಪ ಹೊರಟರು, ರೂಢಿಯಂತೆ ನಾನೂ ಹೊರಟೆ. ಅವರು ಅವಳ ಅಂಗಳದೊಳಗೆ ಕಾಲಿಡಲಿಲ್ಲ, ಬೀದಿಯ ಆಚೆ ಬದಿಯಲ್ಲಿ ನಿಂತರು. ಹೊಲದಲ್ಲಿ, ಯಲ್ಲಪ್ಪನ ಸಮಾಧಿಯ ಪಕ್ಕದಲ್ಲಿ ಗುಂಡಿ ತೋಡಿದ್ದರು. ವಿಭೂತಿ ಹಚ್ಚಿ, ಪತ್ರಿ ಏರಿಸಿ ಅವಳನ್ನು ಗುಂಡಿಯಲ್ಲಿ ಕೂರಿಸಿದ ಮೇಲೆ ಬಂದವರೆಲ್ಲ ಒಬ್ಬೊಬ್ಬರಾಗಿ ಮಣ್ಣು ಕೊಡತೊಡಗಿದರು. ದೊಡ್ಡಪ್ಪ ಎಲ್ಲರಿಗಿಂತ ಹಿಂದೆ, ಬದುವಿನ ಆಚೆಗೆ, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಆಗ ಸಾವಂತ್ರವ್ವನ ಮಗಳು ನೀಲವ್ವ ಜನರ ನಡುವಿನಿಂದ ದಾಟಿ ನಮ್ಮ ಹತ್ತಿರ ಬಂದಳು. ಅತ್ತು ಅವಳ ಮುಖ ಬಾತಿತ್ತು. "ಅವ್ವ ಹೇಳಿ ಹೋಗ್ಯಾಳ್ರಿ, ನೀವೂ ಮಣ್ಣ ಹಾಕಬೇಕಂತ. ಬರ್ರಿ" ಎಂದಳು.

ಯಲ್ಲಪ್ಪನ ಅಣ್ಣತಮ್ಮಂದಿರು ನೋಡಿದರು. ಬಹಳ ಹೊತ್ತಾದ ಮೇಲೆ ಅವರಲ್ಲಿ ಹಿರಿಯವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ದೊಡ್ಡಪ್ಪ ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಬೊಗಸೆ ತುಂಬ ಮಣ್ಣು ತೆಗೆದುಕೊಂಡರು. ಅದನ್ನು ಹಾಗೆಯೇ ಹಾಕಲಿಲ್ಲ. ಹೆಂಟೆಗಳನ್ನು ಬೆರಳಲ್ಲಿ ಒಡೆದರು. ಸಣ್ಣ ಹರಳುಗಳನ್ನು ಆರಿಸಿ ಬದಿಗಿಟ್ಟರು. ಎರಡೂ ಅಂಗೈಗಳ ನಡುವೆ ತಿಕ್ಕಿ ತಿಕ್ಕಿ ಮಣ್ಣನ್ನು ನುಣ್ಣಗೆ ಮಾಡಿದರು. ಎಲ್ಲರೂ ಕಾಯುತ್ತಿದ್ದರು. ಆಮೇಲೆ ಕೈಯನ್ನು ಗುಂಡಿಯೊಳಗೆ ಆದಷ್ಟು ಕೆಳಗೆ ಚಾಚಿ, ಆ ಮಣ್ಣನ್ನು ಅವಳ ಮಡಿಲಲ್ಲಿ ಸದ್ದಾಗದಂತೆ ಬಿಟ್ಟರು.