ಡೋರ್ಕಸ್ ಅತ್ತೆಯ ಹಗೇವು

ನನ್ನ ಅತ್ತೆ ಡೋರ್ಕಸ್‌ಗೆ ಅರವತ್ತೆಂಟು. ಮನೆಯ ಹಿಂದಿನ ಏರಿನಲ್ಲಿರುವ ಹಗೇವನ್ನು ಮಾವ, ಮದುವೆಯಾದ ವರ್ಷ, ಹಾರೆ ಹಿಡಿದು ಎರಡಾಳು ಆಳಕ್ಕೆ ತೋಡಿದ್ದು. ಉತ್ತರ ಧ್ರುವದ ಕಡೆಯ ಕೋಬುಕ್ ಹೊಳೆಯ ಈ ಕಣಿವೆಯಲ್ಲಿ ಬೇಸಿಗೆಯಲ್ಲೂ ಮೊಣಕಾಲುದ್ದ ಮಣ್ಣಷ್ಟೇ ಕರಗುತ್ತದೆ, ಅದರ ಕೆಳಗೆ ನೆಲವೆಲ್ಲ ಕಲ್ಲಿನಂಥ ಹೆಪ್ಪು. ಕ್ಯಾರಿಬೂ ಜಿಂಕೆಯ ಮಾಂಸ, ಮೀನು ಎಲ್ಲ ಕೆಡದಂತೆ ಹಗೇವಿನೊಳಗೆ. ಅತ್ತೆ ಚಳಿಗಾಲ ಪೂರ್ತಿ ಹಗೇವಿನ ಮೇಲಿನ ಹಿಮ ಬಾಚಿ ತೆಗೆಯುತ್ತಾರೆ, ಚಳಿ ಚೆನ್ನಾಗಿ ಒಳಗಿಳಿಯಲಿ ಎಂದು. ನಮ್ಮ ಸಾಲಿನ ಐದು ಮನೆಯವರೂ ಅದರಿಂದ ಉಣ್ಣುವವರು.

ಮಾವ ತೀರಿದ ಮರುವರ್ಷ ನನ್ನ ಮಗ ಹುಟ್ಟಿದ. ನಮ್ಮಲ್ಲಿ ಸತ್ತವರ ಹೆಸರಿಟ್ಟರೆ ಅವರೇ ತಿರುಗಿ ಬಂದಂತೆ. ಅವನಿಗೂ ಮಾವನ ಹೆಸರೇ, ಉಯಾರಕ್. ಅತ್ತೆ ಅವನನ್ನು ತೊಡೆಯ ಮೇಲಿಟ್ಟುಕೊಂಡು ಗಂಡನ ಹತ್ತಿರ ಜಗಳವಾಡುವಂತೆ ಮಾತಾಡುತ್ತಾರೆ.

ಜೂನ್‌ನಲ್ಲಿ ಹತ್ತು ದಿನ ಸಾಮಾನು ತರುವ ವಿಮಾನ ಇಳಿಯಲಿಲ್ಲ; ಅಂಗಡಿಯಲ್ಲಿ ಡಯಾಪರ್ ಮುಗಿದವು. ಅತ್ತೆ ಮೀನು ಹಿಡಿಯುವ ಬಿಡಾರಕ್ಕೆ ಹೋಗಿದ್ದರು. ಹಿಂದಿನವರು ಕೂಸಿಗೆ ಒಣಪಾಚಿ ಹಾಸುತ್ತಿದ್ದರೆಂದು ಅವರೇ ಹೇಳಿದ್ದರಲ್ಲ, ನಾನು ಹಗೇವಿನ ಮೇಲೆ ದಪ್ಪಗೆ ಬೆಳೆದಿದ್ದ ಪಾಚಿಯನ್ನು ಚಾಪೆ ಎತ್ತಿದಂತೆ ಕಿತ್ತು ಒಣಗಿಸಿದೆ. ಮಗುವಿನ ಕುಂಡೆಯ ಕೆಂಪು ಇಳಿಯಿತೆಂದು ದಿನಚರಿಯಲ್ಲಿ ಹೆಮ್ಮೆಯಿಂದ ಬರೆದಿದ್ದೇನೆ ಕೂಡ.

ಆಗ ನಮ್ಮಲ್ಲಿ ರಾತ್ರಿಯೂ ಮುಳುಗದ ಸೂರ್ಯ. ಪಾಚಿಯ ಹೊದಿಕೆ ಹೋಗಿ ಬತ್ತಲಾದ ಕಪ್ಪು ಮಣ್ಣು ಎರಡು ವಾರ ಬಿಸಿಲು ಕುಡಿಯಿತು. ಅತ್ತೆ ಬಂದು ಮುಚ್ಚಳ ಎತ್ತಿದರೆ ಒಳಗೆ ನೀರು ತೊಟ್ಟಿಕ್ಕುವ ಸದ್ದು. ನಾನೇ ಕಿತ್ತದ್ದು ಎಂದು ಒಪ್ಪಿಕೊಂಡೆ. ಅವರು ನನ್ನನ್ನು ನೋಡಲಿಲ್ಲ, ಮಗುವನ್ನು ನೋಡಿದರು.

“ಅಲ್ಲಯ್ಯ ಮುದುಕ, ತೋಡಿದವನೂ ನೀನೇ, ಕುಂಡೆಗೆ ಅಂತ ಕೀಳಿಸಿದವನೂ ನೀನೇ. ಈಗ ಯಾರನ್ನ ಬಯ್ಯಲಿ?”

ಮಗು ನಕ್ಕಿತು. ಬೇರೆ ಕಡೆಯ ಪಾಚಿ ತಂದು ಹೊದಿಸುತ್ತೇನೆಂದು ನಾನು ಗುದ್ದಲಿ ಎತ್ತಿಕೊಂಡೆ. “ಅಲ್ಲಿ ಕಿತ್ರೆ ಅಲ್ಲಿ ಕರಗುತ್ತೆ ಹುಡುಗಿ, ಇಟ್ಬಿಡು,” ಎಂದರು.

ಜಿಂಕೆ ಚರ್ಮ, ಹಲಗೆ, ಟಾರ್ಪಾಲು, ಮನೆಯಲ್ಲಿದ್ದದ್ದೆಲ್ಲ ಹೊದಿಸಿದೆವು. ಆದರೆ ನಮ್ಮ ನೆಲದೊಳಗೆ ಮಂಜುಗಡ್ಡೆ ಗೋಡೆಗೋಡೆಯಾಗಿ ನಿಂತಿದೆ. ಒಂದಕ್ಕೆ ಶಾಖ ಮುಟ್ಟಿದರೆ ಪಕ್ಕದ್ದಕ್ಕೂ ಹರಡುತ್ತದೆ. ವಾರದಲ್ಲಿ ಏರು ಸೀಳಿ, ಹೊಳೆಯವರೆಗೆ ಕೆಸರಿನ ಕಾಲುವೆ ಬಿತ್ತು. ವಿಲ್ಲೋ ಪೊದೆಗಳು ಕುಡಿದವರಂತೆ ವಾಲಿದವು. ನನ್ನ ಗಂಡ ಕ್ಲೈಡ್ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಮಾಂಸ ಮೇಲೆತ್ತಿದ. ಮನೆಯ ಪುಟ್ಟ ಫ್ರೀಜರ್ ಮೂರು ತೊಡೆಗೇ ತುಂಬಿತು. ಉಳಿದದ್ದನ್ನು ಹಂಚಿದೆವು, ಹಳಸಿದ್ದು ನಾಯಿಗಳಿಗೆ. ಮರುದಿನ ಹಗೇವಿನ ಬಾಯಿಯೇ ಕುಸಿಯಿತು. ನಾವು ಮೂವರೂ ನಿಂತು ನೋಡಿದೆವು, ಮಾಡಲು ಕೈಯಲ್ಲಿ ಕೆಲಸವೇ ಇರಲಿಲ್ಲ.

ಆಗಸ್ಟ್ ಕೊನೆಗೆ ಜಿಂಕೆ ಹಿಂಡು ಹೊಳೆ ದಾಟಿತು. ಅತ್ತೆಯ ತಮ್ಮನ ಮಗ ಈನಾಕ್ ಬೇಟೆಯಲ್ಲಿ ಅತ್ತೆಗೆ ಸಲ್ಲುವ ತೊಡೆಯನ್ನು ಹೆಗಲ ಮೇಲೆ ಹೊತ್ತು ಬಂದ. ಅತ್ತೆಗೆ ಹಲ್ಲು ಕಮ್ಮಿ, ಅದಕ್ಕೇ ಮೆತ್ತನೇದು ಆರಿಸಿದೆ ಎಂದು ಎಂದಿನಂತೆ ಚುಡಾಯಿಸಿದ.

“ಈ ಸಲ ನನ್ನ ಪಾಲು ಬೇಡ ಕಣೋ,” ಎಂದರು ಅತ್ತೆ. “ಇಡೋಕೆ ಜಾಗ ಇಲ್ಲ.”

ನಮ್ಮೂರಲ್ಲಿ ಬೇಟೆಯ ಪಾಲನ್ನು ಬೇಡ ಅಂದವರಿಲ್ಲ. ಇಳಿಸಬೇಕೋ ವಾಪಸು ಒಯ್ಯಬೇಕೋ ತಿಳಿಯದೆ ಈನಾಕ್ ಬಾಗಿಲಲ್ಲಿ ಹೊತ್ತುಕೊಂಡೇ ನಿಂತ.